ಮುನ್ನಂದಾಜಿಗೊಂದು ಕಾವಲು

"ಕೈ ಇಳಿಸಬಹುದು" ಎಂದರು ಮೇಷ್ಟ್ರು.

ಮೇಜಿನ ಬಲಗಡೆ ಎಷ್ಟು ಕೈ ಎದ್ದಿದ್ದವೋ ಎಡಗಡೆಯೂ ಅಷ್ಟೇ ಎದ್ದಿದ್ದವು. ಗುಮಾಸ್ತ ಮತ್ತೊಮ್ಮೆ ಎಣಿಸಿ, ಕನ್ನಡಕದ ಮೇಲಿಂದ ಅವರತ್ತ ನೋಡಿದ. ಮತ ಸಮ ಬಿದ್ದರೆ ಸಮಿತಿಯ ಅಧ್ಯಕ್ಷರಾದ ಅವರದೇ ಕೊನೆಯ ಮಾತು.

ಶಾಲೆಯ ಕೆಲಸ ಬಿಟ್ಟು ರಾಜಕೀಯಕ್ಕೆ ಬಂದು ತಲೆ ನರೆತಿದ್ದರೂ ಶಾಸನಸಭೆಯಲ್ಲಿ ಅವರು ಎಲ್ಲರಿಗೂ ಮೇಷ್ಟ್ರೇ. ಈಗ ಅವರ ಮುಂದಿದ್ದದ್ದು ಸರ್ಕಾರದ ಖರ್ಚಿನ ಯೋಜನೆಗಳ ಮಸೂದೆ. ಬೊಕ್ಕಸಕ್ಕೆ ಮುಂದೆ ಎಷ್ಟು ಬಂದೀತು, ಎಷ್ಟು ಹೋದೀತು ಎಂದು ಹಣಕಾಸು ಇಲಾಖೆ ಹಾಕುವ ಅಂದಾಜನ್ನು ಪರೀಕ್ಷಿಸಲು ಒಂದು ಸ್ವತಂತ್ರ ಕಚೇರಿ ಇರಬೇಕು. ಅದರ ವರದಿ ಸಭೆಯ ಮುಂದೆ ಬಾರದೆ ಬಜೆಟ್ ಮಂಡಿಸುವಂತಿಲ್ಲ. ಇಷ್ಟಕ್ಕೆ ಯಾರ ತಕರಾರೂ ಇರಲಿಲ್ಲ. ಆ ಕಚೇರಿಯ ಮುಖ್ಯಸ್ಥನನ್ನು ಕೆಲಸದಿಂದ ತೆಗೆಯುವ ಅಧಿಕಾರ ಯಾರಿಗೆ ಎಂಬ ಕಲಮಿಗೆ ಬಂದಾಗ ಗಾಡಿ ನಿಂತಿತು. ಮಸೂದೆಯಲ್ಲಿ 'ಸರ್ಕಾರಕ್ಕೆ' ಎಂದಿತ್ತು. ವಿರೋಧ ಪಕ್ಷದವರು 'ಸಭೆಗೆ' ಎಂದು ತಿದ್ದುಪಡಿ ತಂದಿದ್ದರು. ಆಡಳಿತ ಪಕ್ಷದ ಸದಸ್ಯನೊಬ್ಬ ಹಲ್ಲುನೋವೆಂದು ಬಂದಿರಲಿಲ್ಲ. ಅದಕ್ಕೇ ಈ ಸಮಬಲ.

"ನನ್ನ ಮತ ನಾಳೆ ಹೇಳ್ತೀನಿ" ಎಂದು ಮೇಷ್ಟ್ರು ಎದ್ದರು.

ಮೆಟ್ಟಿಲಿಳಿಯುವಷ್ಟರಲ್ಲೇ ಹಣಕಾಸು ಮಂತ್ರಿಗಳಿಂದ ಕರೆ ಬಂತು. ಇಬ್ಬರದೂ ಒಂದೇ ಪಕ್ಷ, ಹಳೆಯ ಸ್ನೇಹ.

"ಕಾವಲುನಾಯಿ ಬೇಡ ಅಂತ ನಾನಂದ್ನಾ ಮೇಷ್ಟ್ರೇ? ಸಾಕೋಣ. ಸರಪಳಿ ಮಾತ್ರ ನಮ್ಮ ಕೈಲಿರ್ಲಿ" ಎಂದರು ಮಂತ್ರಿ, ಚಹಾ ಮುಂದೆ ತಳ್ಳುತ್ತಾ.

"ಆಗ ಅದು ಬೊಗಳೋಕೆ ಮುಂಚೆ ನಮ್ಮ ಮುಖ ನೋಡುತ್ತೆ."

ಮಂತ್ರಿ ಮನಸಾರೆ ನಕ್ಕರು. ನಗು ಮುಗಿದ ಮೇಲೆ, ಹೊರಗೆ ಸೆಖೆ ಎಂಬಷ್ಟೇ ಸಹಜವಾಗಿ ಹೇಳಿದರು: "ಆ ಕಚೇರಿ ಬಂದ್ರೆ ಮೊದಲು ಕೈ ಹಾಕೋದು ಈ ವರ್ಷದ ಅಂದಾಜಿಗೆ. ಅದರ ಕೆಳಗೆ ಯಾರ ಸಹಿ ಇದೆ ಅಂತ ಮನೇಲೊಮ್ಮೆ ಕೇಳಿನೋಡಿ. ಮುಖ್ಯಸ್ಥ ನಮ್ಮ ಮಾತು ಕೇಳೋನಾದ್ರೆ ಹಳೇದನ್ನ ಕೆದಕಬೇಡಪ್ಪ ಅನ್ನಬಹುದು. ಇಲ್ದಿದ್ರೆ ನನ್ನ ಕೈಲೇನಿದೆ?"

ಮೇಷ್ಟ್ರ ಮಗಳು ಅದೇ ಇಲಾಖೆಯಲ್ಲಿ ಮುನ್ನಂದಾಜು ವಿಭಾಗದ ಮುಖ್ಯಸ್ಥೆ. ಅಂದು ಸಂಜೆ ಅವಳು ತಾರಸಿಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಮೇಷ್ಟ್ರು ಏದುಸಿರು ಬಿಡುತ್ತಾ ಮೇಲೆ ಬಂದು, ಹೊದಿಕೆಯ ಇನ್ನೊಂದು ತುದಿ ಹಿಡಿದುಕೊಂಡರು.

"ಈ ವರ್ಷದ ಅಂದಾಜಿಗೆ ಸಹಿ ನಿಂದೇನಮ್ಮಾ?"

"ವಿಭಾಗ ನಂದಲ್ವಾ? ಇನ್ಯಾರು ಹಾಕ್ತಾರೆ?"

"ಸರಿಯಾಗಿದೆಯಾ ಲೆಕ್ಕ?"

ಅವಳು ಹೊದಿಕೆ ಮಡಿಸಿ ತೋಳಿನ ಮೇಲೆ ಹಾಕಿಕೊಂಡಳು. "ನಾವು ಕೊಟ್ಟಿದ್ದು ಬೇರೆ ಇತ್ತಪ್ಪಾ. ಇಷ್ಟು ಸಾಲ್ದು, ಏರಿಸಿ ಅಂತ ಮೇಲಿಂದ ಫೋನ್ ಬಂತು. ತೆರಿಗೆ ಚೆನ್ನಾಗಿ ಬರುತ್ತೆ ಅಂದ್ಕೊಂಡ್ರೆ ಏರುತ್ತೆ. ಅಂದ್ಕೊಂಡ್ವಿ."

"ಆಗಲ್ಲ ಅನ್ನಬೇಕಿತ್ತು."

"ಅಂದೆ. ಮತ್ತೆ ಫೋನ್ ಬಂತು. ಆಗ, ಕಾನೂನು ಹೀಗಿದೆ ಸಾರ್, ನನ್ನ ಕೈಲಾಗಲ್ಲ ಅನ್ನೋಕೆ ಒಂದು ಸಾಲು ಬೇಕಾಗಿತ್ತು ನಂಗೆ. ಎಲ್ಲಿತ್ತು?" ಹಗ್ಗದಿಂದ ಇನ್ನೊಂದು ಬಟ್ಟೆ ಎಳೆದುಕೊಳ್ಳುತ್ತಾ ಹೇಳಿದಳು: "ನಾಳೆ ನೀವು ಏನು ಬೇಕಾದ್ರೂ ಮಾಡಿ. ನನ್ನ ಉಳಿಸೋಕೆ ಅಂತ ಮಾತ್ರ ಮಾಡ್ಬೇಡಿ. ಆಮೇಲೆ ದಿನಾ ನಿಮ್ಮ ಎದುರು ಕೂತು ಊಟ ಮಾಡೋದು ಕಷ್ಟ ಆಗುತ್ತೆ."

ಮರುದಿನ ಹಲ್ಲುನೋವಿನ ಸದಸ್ಯ ಊದಿದ ಕೆನ್ನೆಗೆ ಕರವಸ್ತ್ರ ಒತ್ತಿಕೊಂಡೇ ಬಂದು, ತನ್ನದೂ ಒಂದು ಮತ ಎಂದು ಕೈ ಎತ್ತಿದ. ಮತದಾನ ನಿನ್ನೆಯೇ ಮುಗಿದಿದೆ, ಬಾಕಿ ಇರುವುದು ಅಧ್ಯಕ್ಷರದು ಮಾತ್ರ ಎಂದ ಗುಮಾಸ್ತ.

ಎಲ್ಲರೂ ಮೇಷ್ಟ್ರ ಕಡೆ ತಿರುಗಿದರು. ಅವರು ನೀರು ಕುಡಿದು, ಲೋಟ ಕೆಳಗಿಟ್ಟು, "ಸಭೆಗೆ" ಎಂದರು.

ಸುದ್ದಿ ಪತ್ರಿಕೆಗಳಲ್ಲಿ ಬಂದದ್ದರಿಂದ ಮಂತ್ರಿಗಳಿಗೆ ಆ ಕಲಮನ್ನು ಬದಲಿಸುವ ಧೈರ್ಯವಾಗಲಿಲ್ಲ. ಮಸೂದೆ ಹಾಗೆಯೇ ಪಾಸಾಯಿತು. ಅದು ತಮ್ಮದೇ ಸಾಧನೆ ಎಂದು ಅವರು ಭಾಷಣವನ್ನೂ ಮಾಡಿದರು. ಮೇಷ್ಟ್ರಿಗೆ ಸಿಗುತ್ತದೆ ಎನ್ನುತ್ತಿದ್ದ ಮಂತ್ರಿಗಿರಿ ಹಲ್ಲುನೋವಿನವನಿಗೆ ಸಿಕ್ಕಿತು.

ಸ್ವತಂತ್ರ ಕಚೇರಿಯ ಮೊದಲ ವರದಿ ಮಂತ್ರಿಗಳು ಹೇಳಿದಂತೆಯೇ ಬಂತು. ಆ ವರ್ಷದ ಅಂದಾಜಿಗೆ ಆಧಾರವಿಲ್ಲ, ಬರುವ ವರಮಾನವನ್ನು ಹಿಗ್ಗಿಸಿ ತೋರಿಸಲಾಗಿದೆ ಎಂದಿತ್ತು ಅದರಲ್ಲಿ. ಇದು ವಿಭಾಗದ ಮುಖ್ಯಸ್ಥೆಯ ಲೋಪ, ಕ್ರಮ ಕೈಗೊಂಡಿದ್ದೇವೆ ಎಂದು ಮಂತ್ರಿ ಸಭೆಗೆ ತಿಳಿಸಿದರು. ಮೇಷ್ಟ್ರು ತಟ್ಟನೆ ಎದ್ದು ನಿಂತರು.

"ಲೋಪ ಅವಳದ್ದೊಂದೇ ಅಲ್ಲ. ಮೇಲಿಂದ ಫೋನ್ ಮಾಡಿದವರು—"

"ಸ್ವಂತ ಮಗಳ ವಕಾಲತ್ತಾ ಮೇಷ್ಟ್ರೇ?" ಹಿಂದಿನ ಸಾಲಿನಿಂದ ಯಾರೋ ಕೂಗಿದರು. ಎರಡೂ ಕಡೆಯವರು ನಕ್ಕರು. ನಿಮ್ಮ ಮನೆಯವರ ವಿಷಯ, ನೀವು ಮಾತಾಡುವುದು ಸರಿಯಲ್ಲ ಎಂದರು ಸಭಾಧ್ಯಕ್ಷರು. ಮೇಷ್ಟ್ರು ಸ್ವಲ್ಪ ಹೊತ್ತು ನಿಂತೇ ಇದ್ದರು. ಕೊನೆಗೆ ಕೂತರು.

ಮಗಳನ್ನು ಲೇಖನ ಸಾಮಗ್ರಿಯ ಉಗ್ರಾಣಕ್ಕೆ ಹಾಕಿದರು. ಅಲ್ಲಿ ಕಾಗದದ ರೀಮುಗಳು, ಮಸಿಯ ಡಬ್ಬಗಳು, ಒಂದು ಫ್ಯಾನು.

"ಊರಿಗೆಲ್ಲ ಬೆಳಕು ಮಾಡೋಕೆ ನಮ್ಮನೆ ದೀಪದ ಎಣ್ಣೆಯೇ ಬೇಕಿತ್ತಾ ನಿಮಗೆ?" ಎಂದರು ಹೆಂಡತಿ. ಅದಾದ ಮೇಲೆ ಬಹಳ ದಿನ ತಟ್ಟೆ ಇಡುವಾಗಲೂ ಅವರು ಗಂಡನ ಜತೆ ಮಾತಾಡಲಿಲ್ಲ. ಮಗಳು ಮಾತ್ರ ಎಂದಿನಂತೆ ಅಪ್ಪನ ಎದುರೇ ಕೂತು ಊಟ ಮಾಡಿದಳು. ಅಲ್ಲಿ ಕೆಲಸ ಹೇಗಿದೆ ಎಂದು ಕೇಳಲು ಮೇಷ್ಟ್ರಿಗೆ ಬಾಯಿ ಬರುತ್ತಿರಲಿಲ್ಲ.

ಮುಂದಿನ ಚುನಾವಣೆಯಲ್ಲಿ ಅವರಿಗೆ ಟಿಕೆಟ್ ಸಿಗಲಿಲ್ಲ. ಹೊಸ ಸಭೆಯಲ್ಲೂ ಅದೇ ಮಂತ್ರಿ ಬಜೆಟ್ ಓದಿದರು. ಮೇಷ್ಟ್ರು ಮನೆಯಲ್ಲಿ ಟಿವಿಯ ಮುಂದಿದ್ದರು. ಉಗ್ರಾಣದಿಂದ ಬೇಗ ಬಂದಿದ್ದ ಮಗಳು ನೆಲದ ಮೇಲೆ ಹಳೆಯ ಪತ್ರಿಕೆ ಹರಡಿಕೊಂಡು ಬಟಾಣಿ ಬಿಡಿಸುತ್ತಿದ್ದಳು.

ವರಮಾನದ ಅಂದಾಜು ಬಂತು. ಸಂಖ್ಯೆ ಈ ಸಲ ಕೆಳಗಿಳಿದಿತ್ತು. ಸ್ವತಂತ್ರ ಕಚೇರಿ ಒಪ್ಪಿದ ಅಂದಾಜು ಎಂದು ಮಂತ್ರಿ ಒತ್ತಿ ಹೇಳಿದಾಗ ಮೇಜು ಗುದ್ದಿದ ಸದ್ದು ಕೇಳಿಸಿತು. ಮಗಳ ಕೈ ನಿಂತಿತು.

"ಎಷ್ಟಂದ್ರು?" ಎಂದರು ಮೇಷ್ಟ್ರು, ಕೇಳಿಸಿದ್ದರೂ.

"ಸರಿಯಾಗೇ ಅಂದ್ರು."

ಅವಳು ಇನ್ನೊಂದು ಕಾಯಿಯನ್ನು ಹೆಬ್ಬೆರಳಿನಿಂದ ಒಡೆದಳು. ಒಂದು ಕಾಳು ಸಿಡಿದು ಮಂಚದ ಕೆಳಗೆ ಉರುಳಿಹೋಯಿತು. ಇಬ್ಬರೂ ಬಗ್ಗಿ ನೋಡಿದರು.