ಹಲಗೆಯ ಮೇಲಿನ ಕೊಕ್ಕರೆಗಳು

ಬೆಳಗಿನ ಸುತ್ತು ಮುಗಿಸಿದ ವರ್ಡೆಲ್ ಗ್ಯಾಡ್ಸ್‌ಡನ್ ಶಾಲಾ ಬಸ್ಸನ್ನು ಡಿಪೋದ ಮೂಲೆಯಲ್ಲಿ ನಿಲ್ಲಿಸಿ, ಮೂರನೆಯ ಸೀಟಿನಲ್ಲಿ ಕುಳಿತು ಲ್ಯಾಪ್‌ಟಾಪ್ ತೆರೆದಳು. ಮಧ್ಯಾಹ್ನ ಮಕ್ಕಳನ್ನು ಮನೆಗೆ ಬಿಡುವವರೆಗೆ ಆ ಬಸ್ಸೇ ಅವಳ ತರಗತಿ. ನಲವತ್ತಮೂರನೆಯ ವಯಸ್ಸಿನಲ್ಲಿ ಅವಳು ಕಾನೂನು ಓದುತ್ತಿದ್ದಳು. ವಾರದ ಪಾಠಗಳೆಲ್ಲ ಪರದೆಯ ಮೇಲೆ. ಸೆಮಿಸ್ಟರಿಗೆ ಎರಡು ಸಲ ಮಾತ್ರ ನಾಲ್ಕು ಗಂಟೆ ಕಾರು ಓಡಿಸಿಕೊಂಡು ಹೋಗಿ ಕಾಲೇಜಿನಲ್ಲಿ ಉಳಿಯಬೇಕು. ಸೋಮವಾರ ಆಸ್ತಿ ಕಾನೂನು, ಗುರುವಾರ ಕೃತಿಸ್ವಾಮ್ಯ.

ಆ ಗುರುವಾರ ಪಾಠ ತಲೆಗೆ ಹತ್ತಲಿಲ್ಲ. ಅಮೆರಿಕದ ದಕ್ಷಿಣ ಕ್ಯಾರೊಲಿನಾದಲ್ಲಿ, ಅವಳು ಬದುಕುತ್ತಿದ್ದ ದ್ವೀಪದಲ್ಲಿ, ಅವಳ ಕುಟುಂಬದ ನೆಲದ ಪಕ್ಕದಲ್ಲೇ ಒಂದು ಜಾಹೀರಾತು ಹಲಗೆ ಎದ್ದಿತ್ತು. ಅದರ ಮೇಲೆ ಜೌಗು ಹುಲ್ಲು, ಎರಡು ಬಿಳಿ ಕೊಕ್ಕರೆ, ನೀಲಿ ಕಿಟಕಿಯ ಮನೆ. ಅದು ಸೋದರತ್ತೆ ರುಥೀನಿಯಾ ಹಳೆಯ ತಗಡಿನ ಮೇಲೆ, ಗೋಡೆಗೆ ಬಳಿದು ಉಳಿದ ಬಣ್ಣದಲ್ಲಿ ಬರೆದ ಚಿತ್ರ. ನಾಲ್ಕು ವರ್ಷದ ಹಿಂದೆ ಹೋಟೆಲಿನವನೊಬ್ಬ ಆ ತಗಡನ್ನು ದುಡ್ಡು ಕೊಟ್ಟು ಕೊಂಡಿದ್ದ. ಈಗ ಹಲಗೆ ನಿಲ್ಲಿಸಿದ ರೆಸಾರ್ಟ್ ಕಂಪನಿ ಅವರ ನೆಲದ ಮೇಲೂ ಕಣ್ಣಿಟ್ಟಿತ್ತು. ಮುತ್ತಜ್ಜ ಉಯಿಲು ಬರೆಯದೆ ತೀರಿಕೊಂಡಿದ್ದರಿಂದ ಹನ್ನೊಂದು ಜನ ಅದಕ್ಕೆ ಒಟ್ಟಾಗಿ ಒಡೆಯರು. ಅವರಲ್ಲೊಬ್ಬ ತನ್ನ ಪಾಲನ್ನು ಆಗಲೇ ಕಂಪನಿಗೆ ಮಾರಿಬಿಟ್ಟಿದ್ದ.

ಪಾಠದ ನಡುವೆ ವರ್ಡೆಲ್ ಕೈ ಎತ್ತಿದಳು. "ಮೇಡಂ, ಚಿತ್ರ ಕೊಂಡವನು ಅದನ್ನ ಬೇರೆಯವರಿಗೆ ಅಚ್ಚು ಹಾಕೋಕೆ ಕೊಡಬಹುದಾ?"

"ತಗಡು ಕೊಂಡವನಿಗೆ ತಗಡು ಸಿಕ್ಕಿತು, ಅಷ್ಟೇ," ಎಂದರು ಪ್ರೊಫೆಸರ್ ಹಾರ್ಲೋ. "ನಕಲು ಮಾಡೋ ಹಕ್ಕು ಬರೆದವರದ್ದೇ. ಅವರು ಅದನ್ನ ಬರವಣಿಗೆಯಲ್ಲಿ ಬಿಟ್ಟುಕೊಟ್ಟಿದ್ದಾರಾ?"

"ನಮ್ಮತ್ತೆ ಯಾವ ಕಾಗದಕ್ಕೂ ಸಹಿ ಹಾಕೋಲ್ಲ, ಮೇಡಂ."

ಶನಿವಾರ ವರ್ಡೆಲ್ ಚಿತ್ರದ ಕೃತಿಸ್ವಾಮ್ಯ ನೋಂದಾಯಿಸುವ ಅರ್ಜಿ ಹಿಡಿದು ಅತ್ತೆಯ ಮನೆಗೆ ಹೋದಳು. ಎಪ್ಪತ್ತೆಂಟರ ರುಥೀನಿಯಾ ಸೀಗಡಿ ಬಿಡಿಸುತ್ತಾ ತಲೆಯನ್ನೇ ಎತ್ತಲಿಲ್ಲ.

"ಬೇಡ ಕಣೇ. ಕಾಗದ ಹಿಡ್ಕೊಂಡು ಬಂದೋರೆಲ್ಲ ನಮ್ಮಿಂದ ಏನಾದ್ರೂ ಕಿತ್ಕೊಂಡೇ ಹೋಗಿದ್ದಾರೆ. ಈಗ ನೀನೂ ಶುರು ಮಾಡಿದ್ಯಾ?"

"ಸುಮ್ನೆ ಇದ್ದಿದ್ದಕ್ಕೇ ಅವರು ಕಿತ್ಕೊಂಡಿದ್ದು, ಅತ್ತೆ."

ಅಷ್ಟರಲ್ಲಿ ಅಂಗಳದಲ್ಲಿ ಕಾರು ನಿಂತಿತು. ಕಂಪನಿಯ ಪ್ರೆಸ್ಟನ್ ಕಿಂಬ್ರೆಲ್ ನಗುತ್ತಾ ಜಗಲಿ ಹತ್ತಿದ. "ಹೇಗಿದ್ದೀಯಾ ರುಥೀನಿಯಾ? ನಿನ್ನ ಚಿತ್ರ ನೋಡಿದ್ಯಾ? ಊರಿಗೆಲ್ಲ ಕಾಣಿಸೋ ಹಾಗೆ ಹಾಕಿದ್ದೀವಿ!"

"ಮಿಸ್ ಗ್ಯಾಡ್ಸ್‌ಡನ್ ಅನ್ನಿ," ಎಂದಳು ವರ್ಡೆಲ್. "ಕೇಳಿ ಹಾಕಿದ್ರಾ?"

ಅವನ ನಗು ಸ್ವಲ್ಪ ಕುಗ್ಗಿತು. "ನೋಡಿ, ನಾನು ಕೆಟ್ಟವನಲ್ಲ. ಈ ನೆಲದ ತೆರಿಗೆ ವರ್ಷವರ್ಷ ಏರ್ತಿದೆ. ನಿಮ್ಮ ಹುಡುಗರು ಕೆಲಸ ಹುಡುಕ್ಕೊಂಡು ಊರು ಬಿಡ್ತಿದ್ದಾರೆ. ನಾವು ಬಂದ್ರೆ ಇಲ್ಲೇ ಕೆಲಸ ಸಿಗುತ್ತೆ. ಒಪ್ಪದಿದ್ರೆ ಕೋರ್ಟಿಗೆ ಹೋಗ್ತೀವಿ. ಇಡೀ ನೆಲ ಹರಾಜಾಗುತ್ತೆ."

"ಹಿಂದೆ ಹಾಗಾಗ್ತಿತ್ತು. ಈಗ ಕಾನೂನು ಬದಲಾಗಿದೆ. ನೀವು ಮಾರಾಟ ಕೇಳಿದ್ರೆ, ಕೋರ್ಟು ಬೆಲೆ ಕಟ್ಟಿ, ನಿಮ್ಮ ಪಾಲನ್ನ ಕೊಳ್ಳೋ ಅವಕಾಶ ಮೊದಲು ನಮಗೇ ಕೊಡಬೇಕು."

"ನೀನೇನು ವಕೀಲೆನಾ? ಬಸ್ ಓಡಿಸೋಳಲ್ವಾ?"

"ಬಸ್ಸೂ ಓಡಿಸ್ತೀನಿ, ಓದ್ತಾನೂ ಇದ್ದೀನಿ. ನನ್ನ ಮಾತು ನಂಬಬೇಡಿ. ಸೋಮವಾರ ಕಾನೂನು ನೆರವಿನ ವಕೀಲರು ನಿಮಗೆ ಇದನ್ನೇ ಬರೆದು ಕಳಿಸ್ತಾರೆ."

ಕಿಂಬ್ರೆಲ್ ರುಥೀನಿಯಾಳತ್ತ ತಿರುಗಿದ. "ಒಂದು ತಗಡಿನ ಚಿತ್ರಕ್ಕೆ ಇಷ್ಟು ಗಲಾಟೆಯಾ? ಹೋಟೆಲಲ್ಲಿ ನೆಲ ಒರೆಸ್ತಿದ್ದ ಮುದುಕಿ ಬಿಡುವಿನಲ್ಲಿ ಗೀಚಿದ್ದು ತಾನೇ ಅದು."

ರುಥೀನಿಯಾ ಸೀಗಡಿ ಬಟ್ಟಲನ್ನು ಪಕ್ಕಕ್ಕಿಟ್ಟು, ಕೈ ಒರೆಸಿಕೊಂಡು ನಿಧಾನವಾಗಿ ಎದ್ದು ನಿಂತಳು.

"ವರ್ಡೆಲ್, ಆ ಅರ್ಜೀಲಿ ಚಿತ್ರ ಬರೆದೋರಿಗೆ ಏನಂತಾರೆ?"

"ಕರ್ತೃ ಅಂತಾರೆ, ಅತ್ತೆ."

"ತಾ ಇಲ್ಲಿ."

ಜಗಲಿಯ ಕಟಕಟೆಯ ಮೇಲೆ ಕಾಗದ ಹರಡಿ, ಒಂದೊಂದೇ ಅಕ್ಷರವನ್ನು ಒತ್ತಿ ಒತ್ತಿ ಅವಳು ತನ್ನ ಪೂರ್ತಿ ಹೆಸರು ಬರೆದಳು. ಆಮೇಲೆ ಕಿಂಬ್ರೆಲ್‌ನ ಮುಖ ನೋಡಿದಳು. "ನೆಲಾನೂ ಒರೆಸಿದ್ದೀನಪ್ಪ, ಚಿತ್ರಾನೂ ಬರೆದಿದ್ದೀನಿ. ಎರಡೂ ನಾನೇ ಮಾಡಿದ್ದು. ಆ ಹಲಗೆ ಇಳಿಸು. ನನ್ನ ಪಾಲು ಸಿಗೋಲ್ಲ."

ವಕೀಲರ ಪತ್ರ ಹೋದ ಹದಿನೈದನೆಯ ದಿನ ಇಬ್ಬರು ಕೆಲಸಗಾರರು ಬಂದು ಹಲಗೆ ಬಿಚ್ಚಿದರು. ನೆಲದ ವ್ಯಾಜ್ಯ ಮುಗಿದಿರಲಿಲ್ಲ. ಕಂಪನಿ ಕೋರ್ಟಿಗೆ ಅರ್ಜಿ ಹಾಕಿತ್ತು. ಪಾಲುದಾರರಲ್ಲಿ ಏಳು ಮಂದಿ ಸೇರಿ ಉತ್ತರ ಕೊಟ್ಟರು. ಹಿಂದೆಂದೂ ಆ ಮನೆತನದಿಂದ ಕೋರ್ಟಿಗೆ ಉತ್ತರ ಹೋದದ್ದೇ ಇರಲಿಲ್ಲ.

ಮುಂದಿನ ಭಾನುವಾರ ಚರ್ಚಿನಲ್ಲಿ ಪಾದ್ರಿ ಪ್ರಕಟಣೆಗಳನ್ನು ಓದಿ ಮುಗಿಸುವಾಗ, ಐವತ್ತು ವರ್ಷದಿಂದ ಹಿಂದಿನ ಬೆಂಚಿನಲ್ಲಿ ಬಾಯಿ ಬಿಡದೆ ಕೂರುತ್ತಿದ್ದ ರುಥೀನಿಯಾ ಎದ್ದು ನಿಂತಳು.

"ಮಂಗಳವಾರ ಸಂಜೆ ನನ್ನ ಜಗಲೀಲಿ ವರ್ಡೆಲ್ ಇರ್ತಾಳೆ, ವಕೀಲರೂ ಬರ್ತಾರೆ. ನಿಮ್ಮ ನಿಮ್ಮ ನೆಲದ ಕಾಗದ ತನ್ನಿ," ಎಂದಳು. ತಮ್ಮ ಹತ್ತಿರ ಕಾಗದವೇ ಇಲ್ಲವೆಂದು ಯಾರೋ ಗೊಣಗಿದರು. ಅವಳು ಸುತ್ತ ಒಮ್ಮೆ ನೋಡಿ, ದನಿ ಏರಿಸಿದಳು.

"ಕಾಗದ ಇಲ್ಲದೋರು ಮೊದಲು ಬನ್ನಿ."