ಅಕ್ಕನ ಸಾಲು

ಅರ್ಜಿಯಲ್ಲಿ ಸ್ಪಷ್ಟವಾಗಿ ಬರೆದಿತ್ತು: ಒಬ್ಬರೇ ಹಾಡುವ ಆಲ್ಬಂಗೆ ಮಾತ್ರ ನೆರವು. ಒಪ್ಪಿಗೆಯ ಗುರುತು ಹಾಕಿದೆ. ಅಕ್ಕನಿಗೆ ಹೇಳಿರಲಿಲ್ಲ. ಆಮೇಲೆ ಮೂರು ವಾರ ಹೊಲಿಗೆ ಅಂಗಡಿಯಲ್ಲಿ ಅವಳ ಎದುರಿಗೇ ಕೂತು ಅಂಗಿಗಳಿಗೆ ಗುಂಡಿ ಹಚ್ಚಿದೆ. ಅವಳು ತಲೆ ಎತ್ತಿದರೆ ಸಾಕು, ಗುಂಡಿ ಡಬ್ಬಿಯಲ್ಲಿ ಏನೋ ಹುಡುಕುವವಳಂತೆ ಬಗ್ಗುತ್ತಿದ್ದೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುವುದು ಸುಳ್ಳಲ್ಲ.

ನಮ್ಮವು ಅಜ್ಜಿ ಕಲಿಸಿದ ಬೀಸುವ ಹಾಡುಗಳು. ಬೀಸುವ ಕಲ್ಲಿನ ಆಚೆ ಈಚೆ ಇಬ್ಬರು ಕೂತು, ಒಂದೇ ಗೂಟ ಹಿಡಿದು ತಿರುಗಿಸುತ್ತಾ ಹಾಡುವಂಥವು. ಒಬ್ಬಳು ಒಂದು ಸಾಲು ಹಾಡಿದರೆ ಇನ್ನೊಬ್ಬಳು ಮುಂದಿನದು. ಅವಳು ಹಾಡುವಾಗ ಇವಳು ಉಸಿರು ತೆಗೆದುಕೊಳ್ಳಬೇಕು; ಬೇರೆಲ್ಲೂ ಅದಕ್ಕೆ ಜಾಗವಿಲ್ಲ. ಇಪ್ಪತ್ತು ವರ್ಷ ಮದುವೆಮನೆ, ಶಾಲೆ, ಸಭೆ ಅಂತ ಸುತ್ತಿದೆವು. ಮೊದಲ ಸಾಲು ನನ್ನದು, ಎರಡನೆಯದು ಅಕ್ಕನದು. ಅವಳದು ಒರಟು ದನಿ. ಜನ ನನ್ನನ್ನಷ್ಟೇ ಹೊಗಳುತ್ತಿದ್ದರು. ನಾನೂ ಬೇಡ ಅನ್ನಲಿಲ್ಲ.

ಸಂದರ್ಶನಕ್ಕೆ ಕರೆ ಬಂದ ಮೇಲೆ ಬಾಯಿ ಬಿಟ್ಟೆ. “ಆಲ್ಬಂ ಮಾಡೋಕೆ ನೆರವು ಕೊಡ್ತಾರಂತೆ ಅಕ್ಕ. ಹಾಡಿ ತೋರಿಸ್ಬೇಕು,” ಅಂದೆ. ಒಬ್ಬಳೇ ಅನ್ನುವುದನ್ನು ಹೇಳಲಿಲ್ಲ. ಅವಳು ಖುಷಿಯಿಂದ ಇಬ್ಬರ ಬಟ್ಟೆಗೂ ಇಸ್ತ್ರಿ ಮಾಡಿದಳು.

ಕಚೇರಿಯ ಬಾಗಿಲಲ್ಲಿ ಗುಮಾಸ್ತ ಪಟ್ಟಿ ನೋಡಿ, “ಅರ್ಜಿ ಹಾಕಿರೋರು ಒಬ್ರೇ ಬನ್ನಿ,” ಅಂದ. ಅಕ್ಕ ನನ್ನ ಮುಖ ನೋಡಿದಳು.

“ಹೋಗು ಹೋಗು. ನನಗೂ ಕಾಲು ನೋಯ್ತಿದೆ, ಇಲ್ಲೇ ಕೂತಿರ್ತೀನಿ.”

ಒಳಗೆ ಮೇಜಿನ ಹಿಂದೆ ಮೂವರು. ಎರಡೂ ಸಾಲನ್ನು ಒಬ್ಬಳೇ ಹಾಡುವುದನ್ನು ಬಚ್ಚಲಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಕದ್ದು ಅಭ್ಯಾಸ ಮಾಡಿದ್ದೆ. ಅಲ್ಲಿಯೇ ಉಸಿರು ಕಟ್ಟುತ್ತಿತ್ತು, ಇಲ್ಲಿ ಕೇಳಬೇಕೇ? ಮೊದಲ ಸಾಲು ಮುಗಿಸಿ, ಅಭ್ಯಾಸಬಲದಿಂದ ಸುಮ್ಮನೆ ನಿಂತುಬಿಟ್ಟೆ.

“ಮರೆತು ಹೋಯ್ತಾ?” ಕನ್ನಡಕದ ಹೆಂಗಸು ಕೇಳಿದರು.

ಇಲ್ಲವೆಂದು ತಲೆಯಾಡಿಸಿ ಮತ್ತೆ ಶುರು ಮಾಡಿದೆ. ಮತ್ತೆ ಅಲ್ಲೇ ನಿಂತೆ.

ಪಕ್ಕದಲ್ಲಿದ್ದ ದಪ್ಪ ಮನುಷ್ಯ ಪೆನ್ನು ಕೆಳಗಿಟ್ಟರು. “ಇದನ್ನ ಇನ್ನೊಬ್ರ ಜೊತೆ ಹಾಡ್ತೀರಾ? ಹಾಗಿದ್ರೆ ಈ ನೆರವು ನಿಮಗೆ ಸಿಗಲ್ಲಮ್ಮ.”

“ಯಾರೂ ಇಲ್ಲ ಸರ್! ನಾನೊಬ್ಬಳೇ ಹಾಡೋದು!”

ಕಲ್ಲಿನ ಸದ್ದನ್ನು ಮೀರಿಸಲು ಪಳಗಿದ ದನಿ ನನ್ನದು. ಬಾಗಿಲು ಅರ್ಧ ತೆರೆದಿತ್ತು.

ಸೋಮವಾರ ಇನ್ನೊಮ್ಮೆ ಬನ್ನಿ, ನಿಲ್ಲದೆ ಹಾಡಿದರೆ ನೋಡೋಣ ಅಂದರು. ಹೊರಗೆ ಬಂದೆ. ಅಕ್ಕ ಬೆಂಚಿನ ಮೇಲೆ ಬಟ್ಟೆ ಸುಕ್ಕಾಗದ ಹಾಗೆ ನೆಟ್ಟಗೆ ಕೂತಿದ್ದಳು.

“ಅಕ್ಕ, ಅದು...”

“ಕೇಳಿಸ್ತು,” ಅಂದು ಎದ್ದಳು.

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವಳು ನೇರ ಮೆಟ್ಟಿಲಿಳಿದಳು. ನಡುವಿನ ತಿರುವಿನಲ್ಲಿ ನಿಂತು ನನ್ನ ಮಣಿಕಟ್ಟು ಹಿಡಿದಳು.

“ಹಾಡು.”

“ಇಲ್ಲೇನಾ?”

“ಹಾಡೇ, ಸೋಮವಾರಕ್ಕೆ ಎಷ್ಟು ದಿನ ಇದೆ?”

ಹಾಡಿದೆ. ಸಾಲಿನ ಕೊನೆಗೆ ಬರುತ್ತಿದ್ದಂತೆ ಅವಳು ಬೆರಳಿಂದ ಮಣಿಕಟ್ಟು ತಟ್ಟಿದಳು. “ಕೊನೇ ಪದಾನ ಎಳೀಬೇಡ, ಚಿಕ್ಕದು ಮಾಡು. ಅಲ್ಲೇ ಉಸಿರು ತಗೊಂಡು ನನ್ನ ಸಾಲು ಹಿಡ್ಕೋ.”

“ನಿನಗೆ ಹೇಗೆ ಗೊತ್ತು?”

“ನಿನಗೆ ಜ್ವರ ಬಂದಿತ್ತಲ್ಲ, ಆ ವರ್ಷ? ಶಾಲೇಲಿ ಪೂರ್ತಿ ನಾನೊಬ್ಬಳೇ ಹಾಡಿದ್ದೆ. ಮಕ್ಕಳು ಇನ್ನೊಂದು, ಇನ್ನೊಂದು ಅಂತ ಬಿಡಲೇ ಇಲ್ಲ.”

“ಕಾರ್ಯಕ್ರಮ ರದ್ದಾಯ್ತು ಅಂತ ನೀನೇ ಅಂದಿದ್ಯಲ್ಲ?”

“ನಿನಗೆ ಬೇಜಾರಾಗುತ್ತೆ ಅಂತ ಹೇಳ್ಲಿಲ್ಲ.”

ಮತ್ತೆ ಮಣಿಕಟ್ಟು ತಟ್ಟಿದಳು. ಮೊದಲ ಸಾಲು ಮುಗಿಸಿದೆ, ಉಸಿರು ತೆಗೆದುಕೊಂಡೆ, ಅಕ್ಕನ ಸಾಲು ಹಿಡಿದೆ. ಅವಳ ತುಟಿ ಅಲುಗಿತು, ದನಿ ಹೊರಡಲಿಲ್ಲ. ಈ ಸಲ ಉಸಿರು ಕಟ್ಟಲಿಲ್ಲ, ಅಳು ಬಂತು.

“ಅಳ್ತಾ ಹಾಡಿದ್ರೆ ಉಸಿರು ಸಾಲಲ್ಲ,” ಅಂದಳು ಅಕ್ಕ. “ಮೊದಲಿಂದ ಹೇಳು.”