ಆವಿಗೆಗೆ ಬೆನ್ನು ಕೊಟ್ಟು ಕೂತವಳು

ಬಿಸಿ, ಇನ್ನೂ ಬಿಸಿ, ಮೂರು ಎಣಿಸುವಷ್ಟರಲ್ಲಿ ಅಂಗೈ ಕಿತ್ತುಕೊಳ್ಳಬೇಕಾಯಿತು, ಹತ್ತು ಎಣಿಸುವ ತನಕ ಕೈ ತಾಳಿದರೆ ಮಾತ್ರ ಮಡಕೆ ಸುಡುವ ಆವಿಗೆಯ ಬಾಯಿಗೆ ಮುಚ್ಚಿದ ಇಟ್ಟಿಗೆ ತೆಗೆಯಬೇಕು, ಅತ್ತೆ ಅಡುಗೆಮನೆಯಲ್ಲಿ ಕೂತು ಬಾಯಲ್ಲೇ ಹೇಳಿಕೊಟ್ಟ ಲೆಕ್ಕ, ಅದಕ್ಕೆ ತಿದ್ದುಪಡಿ ಇಲ್ಲ—ಮತ್ತೆ ಹಾರ್ನ್, ಹೊಡಿಯಪ್ಪಾ ಹೊಡಿ, ನಿನ್ನ ಹಾರ್ನಿಗೆ ಹೆದರಿ ಇಟ್ಟಿಗೆ ಆರುತ್ತದೆಯೇ, ಮಡಕೆ ಕೊಳ್ಳುವ ವ್ಯಾನಿನವನು ಇಳಿದೇ ಬಂದ, ಅಕ್ಕಾ, ಒಂದು ತೂತಾದ್ರೂ ಮಾಡಿ, ಗಾಳಿ ಆಡ್ಲಿ, ಸಂಜೆಯೊಳಗೆ ಮಾಲು ಪಟ್ಟಣ ಸೇರ್ಬೇಕು, ತೂತಂತೆ ತೂತು! ಸೊಸೆ ಮಣೆ ಎಳೆದುಕೊಂಡು ಆವಿಗೆಯ ಬಾಯಿಗೆ ಬೆನ್ನು ಕೊಟ್ಟು ಕೂತೇಬಿಟ್ಟಳು, ಬೆನ್ನು ಸುಡುತ್ತಿದೆ, ಸುಡಲಿ, ಒಳಗೆ ಆರು ಮನೆಯ ಮಡಕೆಗಳಿವೆ, ಹದಿನಾಲ್ಕು ವರ್ಷದ ಮೇಲೆ ಈ ಬೀದಿಯಲ್ಲಿ ಹೊತ್ತಿದ ಮೊದಲ ಬೆಂಕಿ, ಕಾರ್ಖಾನೆ ಬಿಟ್ಟವರು, ಟೀ ಅಂಗಡಿ ಮುಚ್ಚಿದವರು, ಎಲ್ಲರನ್ನೂ ಕಾಡಿ ಬೇಡಿ ಚಕ್ರದ ಮುಂದೆ ಕೂರಿಸಿದವಳು ಅವಳೇ, ನಿಂಗೇನು ಹುಚ್ಚಾ ಅಂದರು, ಹೌದು ಅಂದಳು, ಇವು ಒಡೆದರೆ ಈ ಬೀದಿಯಲ್ಲಿ ಇನ್ಯಾರೂ ಮಣ್ಣು ಮುಟ್ಟುವುದಿಲ್ಲ—ಹದಿನಾಲ್ಕು ವರ್ಷದ ಹಿಂದೆ ಮಾವ ಮಾಡಿದ್ದೂ ಇದೇ ಅವಸರ, ದೊಡ್ಡ ಗಿರಾಕಿ, ಲಾರಿ ಕಾಯುತ್ತಿದೆ, ಮುಲಾಜಿಗೆ ಬಿದ್ದು ಒಂದು ಇಟ್ಟಿಗೆ ತೆಗೆದರು, ಒಂದೇ ಒಂದು, ತಣ್ಣನೆ ಗಾಳಿ ನುಗ್ಗಿತು, ಟಿಣ್, ಆಮೇಲೆ ಟಿಣ್ ಟಿಣ್, ಒಳಗೆ ಒಂದೊಂದೇ ಸೀಳುವ ಸದ್ದು, ಕಿವಿ ಮುಚ್ಚಿಕೊಂಡು ಮನೆಯೊಳಗೆ ಹೋದ ಅತ್ತೆ ಮತ್ತೆ ಇತ್ತ ಸುಳಿದಿಲ್ಲ.

ಮೈದುನ ಗುದ್ದಲಿ ಹಿಡಿದೇ ಬಂದಿದ್ದಾನೆ, ಅತ್ತಿಗೆ, ಇವ್ನು ಹೊರಟೋದ್ರೆ ಇನ್ಯಾರು ಬರ್ತಾರೆ, ಬರ್ತಾರೆ ಕಣೋ, ಒಡೆದ ಮಡಕೆಗೆ ಮಾತ್ರ ಯಾರೂ ಬರಲ್ಲ, ಎಂಥ ಮೊಂಡು ಹೆಂಗ್ಸಪ್ಪಾ ಎಂದು ಹಿಂದಿನಿಂದ ಯಾರೋ, ಅನ್ನಲಿ, ನಾಳೆ ಇದೇ ಬಾಯಿ ಹೊಗಳುತ್ತದೆ, ವ್ಯಾನ್ ಹೊರಟೇಹೋಯಿತು, ಬರೀ ಧೂಳು, ಆರು ಮನೆಯವರ ಕಣ್ಣೂ ಅವಳ ಮೇಲೆ, ಏಳುವುದಿಲ್ಲ, ಖಂಡಿತ ಏಳುವುದಿಲ್ಲ, ಅಷ್ಟರಲ್ಲಿ ಜನ ಸರಿದು ದಾರಿ ಬಿಡುತ್ತಾರೆ, ಯಾರು—ಅತ್ತೆ! ಬರಿಗಾಲಲ್ಲಿ, ಯಾರ ಮುಖವನ್ನೂ ನೋಡದೆ, ಅವಳ ಭುಜದ ಮೇಲಿಂದ ಕೈ ಚಾಚಿ ಇಟ್ಟಿಗೆ ಮುಟ್ಟಿದರು, ಒಂದು, ಎರಡು, ಮೂರು, ನಾಳೆ ಮಧ್ಯಾಹ್ನ ತೆಗೀರಿ, ಅದಕ್ಕೆ ಮುಂಚೆ ಯಾರಾದ್ರೂ ಹತ್ರ ಬಂದ್ರೆ ಕಾಲು ಮುರೀತೀನಿ, ಮೈದುನ ಗುದ್ದಲಿ ಕೆಳಗಿಟ್ಟ, ಅವಳಿಗೆ ನಗು, ಹಿಂದೆಯೇ ಅಳು, ತಲೆ ಎತ್ತಿ ನೋಡುತ್ತಾಳೆ, ಅತ್ತೆ ಕೈ ತೆಗೆದಿಲ್ಲ, ನಾಲ್ಕು, ಐದು, ಸುಡುತ್ತಿದೆ, ತೆಗೆಯುತ್ತಿಲ್ಲ, ಹದಿನಾಲ್ಕು ವರ್ಷ, ಬಿಸಿ ಇಟ್ಟಿಗೆಯ ಮೇಲೆ ಆ ಕೈ, ಆ ಕೈ.